ಹೊಂಡ ಇತ್ತೋ ಇಲ್ಲವೋ

ಶ್ವಾಂಡೆಗ್, 9 ಸೆಪ್ಟೆಂಬರ್ 2018

ಮೆಲ್ಕ್,

ನನ್ನ ಅಡುಗೆಮನೆಯಿಂದ ನಿನ್ನ ಕಿಟಕಿಗೆ ಇನ್ನೂರ ಹತ್ತು ಹೆಜ್ಜೆ. ನಿನ್ನೆ ಎಣಿಸಿದೆ. ಆದರೂ ಅಂಚೆಚೀಟಿ ಅಂಟಿಸಿ ಕಳಿಸುತ್ತಿದ್ದೇನೆ. ಯಾಕೆಂದರೆ ನಿಮ್ಮ ಎರ್ಲೆಮಾಟ್ ಹಿರಿಯರ ನಿವಾಸದ ಊಟದ ಮನೆಯಲ್ಲಿ ಗೋಡೆಗೂ ಕಿವಿ, ಸೂಪಿನ ಬಟ್ಟಲಿಗೂ ಕಿವಿ. ಹೋದ ಭಾನುವಾರ ನಿನ್ನ ಪಕ್ಕ ಕೂತು ಪಿಸುಗುಟ್ಟಿದ ಮಾತು ಸೋಮವಾರ ಬೇಕರಿಯಲ್ಲಿ ನನಗೇ ಸುದ್ದಿಯಾಗಿ ಬಂತು.

ನಿಮ್ಮ ನಿವಾಸದ ಹೊಸ ಕಟ್ಟಡಕ್ಕೆ ಕಂಬ ನೆಟ್ಟಿದ್ದಾರೆ. ಹನ್ನೊಂದು. ನೀನು ನಲವತ್ತು ವರ್ಷ ಈ ಕಣಿವೆಯ ತುಂಬ ನೆಟ್ಟಂಥವೇ. ಬರಲಿರುವ ಕಟ್ಟಡ ಎಲ್ಲಿಂದ ಎಲ್ಲಿಗೆ, ಎಷ್ಟು ಎತ್ತರ ಎಂದು ಊರಿಗೆಲ್ಲ ಕಾಣಲಿ ಎಂದು ತುದಿಗೆ ಮರದ ಪಟ್ಟಿ ಹೊಡೆದವು. ಇಡೀ ಸ್ವಿಟ್ಜರ್ಲೆಂಡಿನಲ್ಲಿ ನಿನ್ನಷ್ಟು ನೆಟ್ಟಗೆ ಕಂಬ ನಿಲ್ಲಿಸುವವರು ಇರಲಿಲ್ಲ ಎಂದು ನೀನೇ ಹೇಳಿಕೊಳ್ಳುತ್ತಿದ್ದೆ. ಇವು ಮೂರು ಅಂತಸ್ತಿನ ಎತ್ತರ. ಬೇಲಿಯ ಪಕ್ಕದ ಕಂಬದ ತುದಿ ನೋಡಲು ನಾನು ಅಂಗಳದಲ್ಲಿ ಕತ್ತು ಹಿಂದಕ್ಕೆ ಮಡಚಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ ನನ್ನ ಅಡುಗೆಮನೆಗೆ ಬೀಳುವುದೇ ದಿನಕ್ಕೆರಡು ಗಂಟೆ ಬಿಸಿಲು. ಅದೂ ಈ ಕಟ್ಟಡದ ಬೆನ್ನ ಹಿಂದೆ ಹೋಗುತ್ತದೆ.

ಕಂಬ ನೆಟ್ಟವನು ನಿನ್ನ ಶಿಷ್ಯ ಯೋಸ್ಟ್. "ಯಾವ ನೆಲದಿಂದ ಅಳೆದೆ?" ಎಂದು ಕೇಳಿದೆ.

"ಇರೋ ನೆಲದಿಂದ, ರೆಗುಲಮ್ಮ."

"ಇರೋ ನೆಲ ಅಲ್ಲ ಕಣಯ್ಯ, ಮೂಲ ನೆಲ. ತುಂಬಿಸಿದ ಮಣ್ಣು ಲೆಕ್ಕಕ್ಕಿಲ್ಲ ಅಂತ ಕಾನೂನೇ ಇದೆ. ಇಲ್ಲಿ ಹೊಂಡ ಇತ್ತು."

ಅವನು ಟೋಪಿ ಸರಿಮಾಡಿಕೊಂಡು ವ್ಯಾನು ಹತ್ತಿದ.

ಹೊಂಡ ಇತ್ತು, ಮೆಲ್ಕ್. ಬೇಲಿಯಿಂದ ಶುರುವಾಗಿ ಈಗ ನೀವು ಬಟ್ಟೆ ಒಣಗಿಸುವ ಜಾಗದವರೆಗೆ, ಆಳು ಮುಳುಗಿ ಇನ್ನರ್ಧ ಆಳು ಆಳ. ಚಳಿಗಾಲಕ್ಕೆ ಹೆಪ್ಪುಗಟ್ಟುತ್ತಿತ್ತು, ನಾನು ಅದರ ಮೇಲೆ ಜಾರುತ್ತಿದ್ದೆ. ನನಗೆ ಹನ್ನೊಂದಾದಾಗ ನಾಯಿಕೆಮ್ಮೆಂದು ಬೇಸಿಗೆಯಿಡೀ ಚಿಕ್ಕಮ್ಮನ ಮನೆಗೆ ಕಳಿಸಿದಿರಿ. ವಾಪಸು ಬಂದರೆ ಹುಲ್ಲು ಸಪಾಟು. ಅಪ್ಪನನ್ನು ಕೇಳಿದೆ, "ಯಾವ ಹೊಂಡ?" ಎಂದ. ಹದಿಮೂರು ವರ್ಷದ ಮೇಲೆ ಅಪ್ಪ ಆ ಜಾಗವನ್ನು ಸಮತಟ್ಟು ಹುಲ್ಲುಗಾವಲೆಂದು ನಿವಾಸಕ್ಕೆ ಮಾರಿದ.

ಆ ಬೇಸಿಗೆ ನೀನು ಮನೆಯಲ್ಲೇ ಇದ್ದೆ, ಇಪ್ಪತ್ತೆರಡು ವರ್ಷದ ಗಂಡಸು. ಆಕ್ಷೇಪಣೆಗೆ ಮೂವತ್ತು ದಿನ ಮಾತ್ರ ಸಮಯ. ಹೊಂಡ ಇತ್ತು ಎಂದು ಒಂದು ಸಾಲು ಬರೆದುಕೊಡು, ಸಾಕು.

ನಿನ್ನ ತಂಗಿ
ರೆಗುಲಾ


ಎರ್ಲೆಮಾಟ್, 15 ಸೆಪ್ಟೆಂಬರ್ 2018

ರೆಗುಲಿ,

ನಿನ್ನ ಕಾಗದ ಎರಡು ದಿನ ಊರೂರು ತಿರುಗಿ ಬಂತು. ಅಂಚೆಯವರು ಅದನ್ನು ಮೊದಲು ಪಟ್ಟಣಕ್ಕೆ ಒಯ್ದು, ಅಲ್ಲಿ ಯಂತ್ರದ ಬಾಯಿಗೆ ಹಾಕಿ, ಮತ್ತೆ ಇನ್ನೂರ ಹತ್ತು ಹೆಜ್ಜೆ ದೂರಕ್ಕೆ ತಂದು ಕೊಡುತ್ತಾರೆ. ನಮ್ಮ ದೇಶದ ಅಚ್ಚುಕಟ್ಟು ಎಂದರೆ ಇದೇ.

ಕಂಬಗಳನ್ನು ಕಿಟಕಿಯಿಂದ ನೋಡಿದೆ. ನೆಟ್ಟಗಿವೆ. ಯೋಸ್ಟನಿಗೆ ಕೆಲಸ ಕಲಿಸಿದವನು ನಾನು, ಅವನ ಕೈ ತಪ್ಪುವುದಿಲ್ಲ.

ಹೊಂಡದ ಮಾತು ನನಗೆ ನೆನಪಿಗೆ ಬರುತ್ತಿಲ್ಲ. ನೀನು ಹೇಳುತ್ತಿರುವುದು ಚಿಕ್ಕಮ್ಮನ ಊರಿನ ಹೊಂಡವಿರಬೇಕು. ಮಕ್ಕಳ ತಲೆಯಲ್ಲಿ ಎರಡು ಊರು ಸೇರಿಹೋಗುತ್ತವೆ. ಅದನ್ನು ಹಿಡಿದುಕೊಂಡು ಪಂಚಾಯಿತಿ ಕಚೇರಿಯ ಮೆಟ್ಟಿಲು ಹತ್ತಬೇಡ, ನಗುತ್ತಾರೆ.

ಈಗ ನನ್ನ ಮಾತು ಕೇಳು. ಆ ಹೊಸ ಕಟ್ಟಡದ ಕೆಳ ಅಂತಸ್ತು ಪೂರ್ತಿ ಮರೆವಿನವರಿಗೆ. ಸುತ್ತ ಬೇಲಿ ಕಟ್ಟಿದ ತೋಟವಿರುತ್ತದೆ. ಹೆಸರು ಕೊಟ್ಟವರ ಪಟ್ಟಿಯಲ್ಲಿ ನನ್ನ ಲೀನಾ ಎರಡನೆಯವಳು. ಈಗ ಅವಳಿರುವ ಪಟ್ಟಣದ ಮನೆಯಲ್ಲಿ ಮರೆವಿನವರಿಗೆ ಮಾತ್ರ ಜಾಗ, ತಲೆ ಸರಿಯಿರುವ ಗಂಡಂದಿರನ್ನು ಸೇರಿಸಿಕೊಳ್ಳುವುದಿಲ್ಲ. ಎರಡು ಬಸ್ಸು ಬದಲಿಸಿ, ಊರುಗೋಲು ಊರಿ, ವಾರಕ್ಕೊಮ್ಮೆ ಹೋಗಿ ಬರುತ್ತೇನೆ. ಹೋದ ಭಾನುವಾರ ಬಾಗಿಲಲ್ಲಿ ನನ್ನನ್ನು ಕಂಡು, "ತಡ ಮಾಡ್ದೆ ಮೆಲ್ಕ್" ಎಂದಳು. ಆ ಹೆಸರು ಅವಳ ಬಾಯಲ್ಲಿ ಇನ್ನೆಷ್ಟು ತಿಂಗಳು ಉಳಿಯುತ್ತದೋ ಡಾಕ್ಟರಿಗೂ ಗೊತ್ತಿಲ್ಲ. ಐವತ್ತಾರು ವರ್ಷದ ಸಂಸಾರ ನಮ್ಮದು. ಅವಳಿಗೆ ನನ್ನ ಗುರುತು ಹೋಗುವ ಮುಂಚೆ ಅವಳು ಇಲ್ಲಿಗೆ ಬರಬೇಕು. ನನಗೆ ಬೇಕಾದದ್ದು ಇಷ್ಟೇ.

ಒಂದು ಅಂತಸ್ತು ಇಳಿಸಿ ಎಂದರೆ ನಕ್ಷೆಯೆಲ್ಲ ಹೊಸದಾಗಿ ಬರೆಯಬೇಕು, ಹೊಸ ಕಂಬ, ಹೊಸ ಮೂವತ್ತು ದಿನ. ಎರಡು ವರ್ಷ ಹೋಯಿತೆಂದೇ ಲೆಕ್ಕ. ಲೀನಾಳ ಹತ್ತಿರ ಎರಡು ವರ್ಷವಿಲ್ಲ.

ಇನ್ನೊಂದು ವಿಷಯ. ಮೇಲಿನ ಮನೆಯ ವಕೀಲ ಎರಡು ಸಲ ನಿನ್ನ ಗೇಟು ತೆರೆದು ಒಳಗೆ ಹೋದದ್ದನ್ನು ನೋಡಿದೆ. ಅವನಿಗೆ ನಿನ್ನ ಬಿಸಿಲಿನ ಚಿಂತೆ ಎಂದುಕೊಂಡೆಯಾ? ಅವನ ಜಗಲಿಯಿಂದ ಬೆಟ್ಟ ಕಾಣುವುದು ತಪ್ಪುತ್ತದೆ, ಅದಕ್ಕೆ ನಿನ್ನ ಹೆಗಲ ಮೇಲೆ ಬಂದೂಕಿಡುತ್ತಿದ್ದಾನೆ. ಹುಷಾರು.

ಮೆಲ್ಕ್


ಶ್ವಾಂಡೆಗ್, 24 ಸೆಪ್ಟೆಂಬರ್ 2018

ಮೆಲ್ಕ್,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೊಂಡದ ಬಗ್ಗೆ ಕೇಳಿದೆ, ನೀನು ವಕೀಲನ ಬಗ್ಗೆ ಬರೆದೆ.

ಚಿಕ್ಕಮ್ಮನ ಊರಲ್ಲಿ ನಾನಿದ್ದದ್ದು ಬೇಸಿಗೆಯಲ್ಲಿ. ಬೇಸಿಗೆಯಲ್ಲಿ ಯಾವ ಹೊಂಡ ಹೆಪ್ಪುಗಟ್ಟುತ್ತದೆ, ನೀನೇ ಹೇಳು. ನನ್ನ ಗದ್ದದ ಕೆಳಗಿನ ಗಾಯದ ಗುರುತು ಆ ಮಂಜುಗಡ್ಡೆಯ ಮೇಲೆ ಬಿದ್ದು ಆದದ್ದು. ಇನ್ನೊಂದು ಕೇಳು: ಎರ್ಲೆಮಾಟ್, ಎರ್ಲೆ ಮರಗಳ ಹುಲ್ಲುಗಾವಲು, ಎಂಬ ಹೆಸರು ಎಲ್ಲಿಂದ ಬಂತು? ಎರ್ಲೆ ಮರ ನೀರು ನಿಲ್ಲುವಲ್ಲಿ ಅಲ್ಲದೆ ಬೆಳೆಯುವುದಿಲ್ಲ. ಒಣ ಹುಲ್ಲುಗಾವಲಿಗೆ ಆ ಹೆಸರು ಯಾರೂ ಇಡುವುದಿಲ್ಲ.

ಮಂಗಳವಾರ ಮೂರು ಗಂಟೆಗೆ ಯೋಸ್ಟ್ ನಿನ್ನ ಕೋಣೆಗೆ ಬಂದ. ಕೈಯಲ್ಲಿ ಪತ್ರಿಕೆ ಸುತ್ತಿದ ಬಾಟಲಿ. ಪ್ಲಮ್ ಸಾರಾಯಿ ಇರಬೇಕು, ಅವನ ಮಾವನ ಮನೆಯಲ್ಲಿ ಕಾಯಿಸುತ್ತಾರೆ. ನಾಲ್ಕೂವರೆಗೆ ಹೊರಗೆ ಬಂದ, ಕೈ ಖಾಲಿ, ಮುಖ ಕೆಂಪು. ಬುಧವಾರ ನಿವಾಸದ ಮೇಲ್ವಿಚಾರಕಿ ನಿನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಕಂಬಗಳ ನಡುವೆ ಸುತ್ತಿಸಿದಳು. ಎರಡು ಬಸ್ಸು ಬದಲಿಸಿ ಪಟ್ಟಣಕ್ಕೆ ಹೋಗಿಬರುವ ಮುದುಕನಿಗೆ ಗಾಲಿಕುರ್ಚಿಯ ಉಪಚಾರ ಯಾಕೆ ಬಂತು? ನನಗೆ ಕಣ್ಣು ಚೆನ್ನಾಗಿ ಕಾಣುತ್ತದೆ, ಮೆಲ್ಕ್.

ಲೀನಾಳ ಹೆಸರನ್ನು ಗುರಾಣಿಯಂತೆ ನನ್ನೆದುರು ಹಿಡಿಯಬೇಡ. ಅವಳು ಬರಲಿ ಎಂದು ನನಗೂ ಇದೆ. ಎರಡು ಅಂತಸ್ತಿನ ಕಟ್ಟಡಕ್ಕೂ ಬರಬಹುದು. ಅದನ್ನು ಮೊದಲೇ ಸರಿಯಾಗಿ ಅಳೆದಿದ್ದರೆ ಇಷ್ಟು ಹೊತ್ತಿಗೆ ಅಡಿಪಾಯ ತೋಡುತ್ತಿದ್ದರು.

ನನಗೆ ಇಪ್ಪತ್ತೊಂದು ವರ್ಷವಾಗುವವರೆಗೆ ಈ ದೇಶದಲ್ಲಿ ಹೆಂಗಸರಿಗೆ ಮತವೇ ಇರಲಿಲ್ಲ. ನೀವು ಗಂಡಸರು ಸಭೆಯಲ್ಲಿ ಕೈ ಎತ್ತಿ ಊರು ನಡೆಸುತ್ತಿದ್ದಿರಿ, ನಾವು ಕಾಫಿ ಕಾಯಿಸುತ್ತಿದ್ದೆವು. "ಎಲ್ಲಾ ಸರಿಯಾಗಿದೆ, ನೀನು ಸುಮ್ನಿರು" ಎಂಬ ಮಾತನ್ನು ಅಪ್ಪನ ಬಾಯಲ್ಲಿ ಕೇಳಿ ಬೆಳೆದವಳು ನಾನು. ನಿನ್ನ ಕಾಗದದಲ್ಲೂ ಅದೇ ಧ್ವನಿ ಕೇಳಿಸಿತು.

ಆಕ್ಷೇಪಣೆ ಕೊಟ್ಟುಬಂದೆ. ನನ್ನೊಬ್ಬಳದೇ ಸಹಿ. ವಕೀಲನಿಗೆ ಕಾಫಿ ಕೊಟ್ಟದ್ದು ನಿಜ, ಸಹಿ ಕೊಡಲಿಲ್ಲ.

ರೆಗುಲಾ


ಶ್ವಾಂಡೆಗ್ ಪಂಚಾಯಿತಿ, ಕಟ್ಟಡ ವಿಭಾಗ
11 ಅಕ್ಟೋಬರ್ 2018

ಶ್ರೀ ಮೆಲ್ಕಿಯೋರ್ ಹೆಫ್ಟಿ ಅವರಿಗೆ,

ಎರ್ಲೆಮಾಟ್ ಹಿರಿಯರ ನಿವಾಸದ ವಿಸ್ತರಣೆಯ ಅರ್ಜಿಗೆ ನೆರೆಯವರಾದ ಶ್ರೀಮತಿ ರೆಗುಲಾ ಅವರಿಂದ ಆಕ್ಷೇಪಣೆ ಬಂದಿದೆ. ನಿವೇಶನದ ಉತ್ತರ ಭಾಗದಲ್ಲಿ ಹಿಂದೆ ಹೊಂಡವಿತ್ತು, ಅದನ್ನು 1961ರಲ್ಲಿ ಮಣ್ಣು ಹಾಕಿ ತುಂಬಲಾಗಿದೆ, ಆದ್ದರಿಂದ ಕಟ್ಟಡದ ಎತ್ತರವನ್ನು ಮೂಲ ನೆಲದಿಂದ ಅಳೆದಿಲ್ಲ ಎಂಬುದು ಅವರ ವಾದ. ವಾದ ನಿಜವಾದರೆ ಯೋಜನೆ ಅನುಮತಿಸಿದ ಎತ್ತರಕ್ಕಿಂತ ಒಂದು ಅಂತಸ್ತು ಹೆಚ್ಚಾಗುತ್ತದೆ.

ಹಳೆಯ ನಕ್ಷೆಗಳ ರೇಖೆಗಳು ಇದನ್ನು ತೀರ್ಮಾನಿಸುವಷ್ಟು ಸೂಕ್ಷ್ಮವಾಗಿಲ್ಲ. ವಿಮಾನದಿಂದ ತೆಗೆದ ಆಗಿನ ಚಿತ್ರಗಳಲ್ಲಿ ಆ ಜಾಗ ಮರಗಳ ನೆರಳಿನಲ್ಲಿದೆ. ಆ ಕಾಲದಲ್ಲಿ ಅಲ್ಲಿ ವಾಸವಿದ್ದ ವಯಸ್ಕರಲ್ಲಿ ಹೇಳಿಕೆ ಕೊಡಬಲ್ಲವರು ನೀವೊಬ್ಬರೇ ಉಳಿದಿದ್ದೀರಿ. ವೃತ್ತಿಯಿಂದಲೂ ನೀವು ಈ ವಿಷಯ ಬಲ್ಲವರು. ದಯವಿಟ್ಟು ನಿಮ್ಮ ಹೇಳಿಕೆಯನ್ನು ಬರಹದಲ್ಲಿ ಕಳಿಸಿ. ನಿಮ್ಮ ಹೇಳಿಕೆಗೆ ತೂಕವಿರುತ್ತದೆ.

ಕೋರಿನ್ ಏಬ್ಲಿ
ಕಾರ್ಯದರ್ಶಿ


ಎರ್ಲೆಮಾಟ್, 17 ಅಕ್ಟೋಬರ್ 2018

ಕಟ್ಟಡ ವಿಭಾಗಕ್ಕೆ,

ನಾನು ಆ ಮನೆಯಲ್ಲಿ ಹುಟ್ಟಿ 1962ರವರೆಗೆ ಅಲ್ಲಿಯೇ ಇದ್ದೆ. ಆ ಹುಲ್ಲುಗಾವಲನ್ನು ಪ್ರತಿ ಬೇಸಿಗೆ ನನ್ನ ಕೈಯಾರೆ ಕೊಯ್ದಿದ್ದೇನೆ. ನನ್ನ ನೆನಪಿನಂತೆ ಅಲ್ಲಿ ಹೊಂಡ ಇರಲಿಲ್ಲ. ಮೊಲಗಳು ತೋಡಿದ ಬಿಲಗಳನ್ನು ಮುಚ್ಚಿ ನೆಲ ಸಮ ಮಾಡಿದ್ದುಂಟು. ನನ್ನ ತಂಗಿ ಆಗ ಚಿಕ್ಕವಳು. ಅವಳ ಗದ್ದದ ಗಾಯ ಕಟ್ಟಿಗೆ ಕೊಟ್ಟಿಗೆಯ ಮೆಟ್ಟಿಲಿನಿಂದ ಬಿದ್ದು ಆದದ್ದು.

ಮೆಲ್ಕಿಯೋರ್ ಹೆಫ್ಟಿ
ನಿವೃತ್ತ ಬಡಗಿ


ಶ್ವಾಂಡೆಗ್, 22 ನವೆಂಬರ್ 2018

ಶ್ರೀ ಮೆಲ್ಕಿಯೋರ್ ಹೆಫ್ಟಿ ಅವರಿಗೆ,

ನಿಮ್ಮ ಹೇಳಿಕೆಯ ನಕಲನ್ನು ಪಂಚಾಯಿತಿಯವರು ನನಗೆ ಕಳಿಸಿದ್ದಾರೆ. ನೀವು ಬರೆದದ್ದನ್ನು ಓದಿದೆ. ನಿಮ್ಮ ಅಕ್ಷರ ಇನ್ನೂ ಚೆನ್ನಾಗಿದೆ.

ಛೆ, ನನ್ನ ಕೈಲಿ ಈ ಬಹುವಚನ ಆಗುವುದಿಲ್ಲ.

ಮೆಲ್ಕ್, ಹೋದ ಗುರುವಾರ ಸ್ಥಳ ತನಿಖೆಗೆ ಐದು ಜನ ಬಂದಿದ್ದರು, ಎಲ್ಲರಿಗೂ ರಬ್ಬರು ಬೂಟು. ನೀನು ಬರುತ್ತೀಯೆಂದು ಕಾದೆ. ಗಂಟಲು ನೋವೆಂದು ಮಲಗಿದ್ದೆಯಂತೆ. ಯೋಸ್ಟ್ ಬಂದಿದ್ದ, ಟೋಪಿಯನ್ನು ಹತ್ತು ಸಲ ಸರಿಮಾಡಿಕೊಂಡ. ನಾನು ಹೊಂಡ ಇಲ್ಲಿಂದ ಇಲ್ಲಿಗೆ ಎಂದು ಹೆಜ್ಜೆ ಹಾಕಿ ತೋರಿಸಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನನ್ನ ಅಡುಗೆಮನೆಯಲ್ಲಿ ಕೂತು ಆಕ್ರೋಟಿನ ಕೇಕು ತಿಂದರು. ಪಂಚಾಯಿತಿ ಅಧ್ಯಕ್ಷ ಬಹಳ ಪ್ರೀತಿಯಿಂದ ಮಾತಾಡಿದ. "ನಮ್ಮಮ್ಮನಿಗೂ ಹೀಗೇ ಶುರು ಆಯ್ತು, ರೆಗುಲಮ್ಮ. ಹಳೇದೆಲ್ಲ ಕಣ್ಮುಂದೆ ಬರೋದು, ಆದ್ರೆ ಎಲ್ಲಾ ಕಲಸಿಹೋಗಿರೋದು. ಒಂದ್ಸಲ ಡಾಕ್ಟರಿಗೆ ತೋರಿಸಿ, ತಪ್ಪೇನಿಲ್ಲ." ಅವನು ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಪ್ರೀತಿಯಿಂದ ಹೇಳಿದ್ದಕ್ಕೆ ಇನ್ನೊಂದು ತುಂಡು ಕೇಕು ಬಡಿಸಿದೆ.

ಡಾಕ್ಟರಿಗೆ ತೋರಿಸಿದೆ. ಗಡಿಯಾರದ ಚಿತ್ರ ಬರೆಯಿರಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎಂದರು. ಬರೆದೆ. ನಿಂಬೆ, ಕೀಲಿಕೈ, ಚೆಂಡು ಎಂದು ಮೂರು ಮಾತು ಕೊಟ್ಟು ಐದು ನಿಮಿಷದ ಮೇಲೆ ಕೇಳಿದರು. ಚೆಂಡು ಬರಲಿಲ್ಲ. ಹೆದರಿಕೆಗೂ ಹಾಗಾಗುತ್ತದೆ, ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ನೋಡೋಣ ಎಂದರು. ಮನೆಗೆ ಬಂದು ಬೀರುಗಳಿಗೆ ಚೀಟಿ ಅಂಟಿಸಿದೆ: ಸಕ್ಕರೆ, ಉಪ್ಪು, ದೀಪದ ಬೆಂಕಿಪೊಟ್ಟಣ. ಅಂಟಿಸುತ್ತ ಅತ್ತೆ. ನಮ್ಮಮ್ಮ ಕೊನೆಯ ಮೂರು ವರ್ಷ ನನ್ನನ್ನು ಕೆಲಸದವಳೆಂದು ತಿಳಿದಿದ್ದು ನಿನಗೆ ಗೊತ್ತಲ್ಲ. ನೋಡಿಕೊಂಡವಳು ನಾನು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಿನ್ನ ಹೇಳಿಕೆ ಓದಿದ ಮೇಲೆ ನನಗೆ ಆ ಮೆಟ್ಟಿಲು ನೆನಪಾಗತೊಡಗಿದೆ. ಕಟ್ಟಿಗೆ ಕೊಟ್ಟಿಗೆ, ಮೂರನೆಯ ಮೆಟ್ಟಿಲು, ಬಿದ್ದದ್ದು, ಬಾಯಲ್ಲಿ ರಕ್ತದ ರುಚಿ. ಮಂಜುಗಡ್ಡೆಯೂ ಇದೆ, ಮೆಟ್ಟಿಲೂ ಇದೆ. ಯಾವುದನ್ನು ನಂಬಲಿ? ಮೊದಲು ನಿನ್ನನ್ನು ಅನುಮಾನಿಸುತ್ತಿದ್ದೆ, ಆಗ ನಿದ್ದೆ ಬರುತ್ತಿತ್ತು. ಈಗ ನನ್ನನ್ನೇ ಅನುಮಾನಿಸುತ್ತಿದ್ದೇನೆ.

ಕಟ್ಟಡದ ಮಾತು ಬಿಡು. ತಂಗಿಯಾಗಿ ಮೂರು ಪ್ರಶ್ನೆ ಕೇಳುತ್ತೇನೆ. ಅಮ್ಮನ ಏಪ್ರನ್ನು ಹಸಿರು ಅಲ್ಲವೇ? ನಮ್ಮ ನಾಯಿಯ ಹೆಸರು ಬೆಲ್ಲೊ ತಾನೇ? ಹೊಂಡ ಇತ್ತೋ ಇಲ್ಲವೋ?

ರೆಗುಲಾ


ಎರ್ಲೆಮಾಟ್, 30 ನವೆಂಬರ್ 2018

ರೆಗುಲಿ,

ಏಪ್ರನ್ನು ಹಸಿರು. ನಾಯಿ ಬೆಲ್ಲೊ. ಎರಡೂ ಸರಿ, ಆದ್ದರಿಂದ ಚಿಂತೆ ಮಾಡಬೇಡ. ಮೂರನೆಯದಕ್ಕೆ ನಾನು ಈಗಾಗಲೇ ಕಚೇರಿಗೆ ಬರೆದುಕೊಟ್ಟಿದ್ದೇನೆ.

ಒಂದು ಚೆಂಡು ಮರೆತರೆ ಯಾರಿಗೂ ಏನೂ ಆಗುವುದಿಲ್ಲ. ನಾನು ದಿನವೂ ಕನ್ನಡಕ ಹುಡುಕುತ್ತೇನೆ.

ಲೀನಾ ಈ ಸಲ ನನ್ನನ್ನು ಡಾಕ್ಟರೇ ಎಂದು ಕರೆದಳು. ಸ್ವಲ್ಪ ಹೊತ್ತಾದ ಮೇಲೆ ನಕ್ಕು, "ತಮಾಷೆ ಮಾಡ್ದೆ" ಎಂದಳು. ತಮಾಷೆಯೇ ಇರಬಹುದು. ಮಾರ್ಚಿನೊಳಗೆ ಅನುಮತಿ ಬಂದರೆ ಮುಂದಿನ ವರ್ಷದ ಕೊನೆಗೆ ಕೆಳ ಅಂತಸ್ತು ಸಿದ್ಧ ಎಂದು ಮೇಲ್ವಿಚಾರಕಿ ಹೇಳುತ್ತಾಳೆ. ನಾನು ದಿನ ಎಣಿಸುತ್ತಿದ್ದೇನೆ, ನಿನಗೆ ಸಿಟ್ಟು ಬಂದರೂ ಸರಿ.

ಸಂತ ನಿಕ್ಲಾಸನ ಹಬ್ಬಕ್ಕೆ ಇಲ್ಲಿ ಶುಂಠಿ ಬಿಸ್ಕತ್ತು ಮಾಡಿದ್ದಾರೆ. ನಿನಗೆ ಒಂದು ಪೊಟ್ಟಣ ಎತ್ತಿಟ್ಟಿದ್ದೇನೆ.

ಮೆಲ್ಕ್


ಶ್ವಾಂಡೆಗ್, 17 ಡಿಸೆಂಬರ್ 2018

ಮೆಲ್ಕ್,

ನಿನ್ನ ಬಿಸ್ಕತ್ತು ನೀನೇ ತಿನ್ನು.

ಮೊನ್ನೆ ನಾನು ಪಟ್ಟಣಕ್ಕೆ ಹೋಗಿದ್ದೆ. ಲೀನಾಳನ್ನು ನೋಡಲು ಎಂದು ಹೇಳಿದರೆ ಸುಳ್ಳಾಗುತ್ತದೆ. ನಾಳೆ ನನ್ನನ್ನು ಸೇರಿಸುವ ಜಾಗ ಹೇಗಿದೆ ಎಂದು ನೋಡಲು ಹೋದೆ. ಬಾಗಿಲಿಗೆ ಚಿಲಕವಿದೆಯೇ, ಕಿಟಕಿ ತೆರೆಯುತ್ತದೆಯೇ, ನೋಡಿಕೊಳ್ಳುವವರು ಗದರಿಸುತ್ತಾರೆಯೇ ಎಂದು. ಒಳ್ಳೆಯ ಜನರೇ. ಆದರೂ ಹೊರಬಾಗಿಲು ಎಲ್ಲಿದೆ ಎಂದು ಎರಡು ಸಲ ತಿರುಗಿ ನೋಡಿದೆ.

ಲೀನಾ ಬಿಸಿಲಿಗೆ ಕೂತಿದ್ದಳು. ನನ್ನ ಗುರುತು ಸಿಗಲಿಲ್ಲ. "ಹೊಸಬರಾ? ಕೂತ್ಕೊಳ್ಳಿ" ಎಂದಳು. ಎರ್ಲೆಮಾಟ್ ಕಡೆಯಿಂದ ಬಂದೆ ಎಂದೆ. ಅವಳ ಮುಖ ಅರಳಿದ ರೀತಿ ನೀನು ನೋಡಬೇಕಿತ್ತು.

"ಅಯ್ಯೋ, ಅಲ್ಲಿಯವರಾ! ಅಲ್ಲೊಬ್ಬ ಇದಾನೆ, ಮೆಲ್ಕ್ ಅಂತ. ಗೊತ್ತಾ ನಿಮ್ಗೆ? ಅಪ್ಪ ಮಗ ಸೇರಿ ಹೊಂಡ ತುಂಬಿಸ್ತಿದಾರೆ. ರಸ್ತೆ ಅಗಲ ಮಾಡಿದ್ರಲ್ಲ, ಆ ಕಲ್ಲು ಮಣ್ಣೆಲ್ಲ ಗಾಡಿ ಗಾಡಿ ತಂದು ಸುರೀತಾರೆ. ನಾನು ದಿನಾ ಸೇಬಿನ ರಸ ತಗೊಂಡ್ ಹೋಗ್ತೀನಿ. ಅವನ ಅಂಗೈ ನೋಡ್ಬೇಕು ನೀವು, ಬರೀ ಬೊಬ್ಬೆ."

ಎಷ್ಟು ದೊಡ್ಡ ಹೊಂಡ ಎಂದು ಕೇಳಿದೆ.

"ಗಾಡಿ ಕುದುರೆ ಸಮೇತ ಇಳಿದ್ರೂ ಕಾಣಲ್ಲ, ಅಷ್ಟಿತ್ತು. ಈಗ ಅರ್ಧ ಆಗಿದೆ." ಆಮೇಲೆ ನನ್ನ ಕಡೆ ಬಾಗಿ ಧ್ವನಿ ತಗ್ಗಿಸಿದಳು. "ಯಾರಿಗೂ ಹೇಳ್ಬೇಡಿ ಆಯ್ತಾ? ಪಂಚಾಯಿತೀನ ಕೇಳ್ದೆ ಸುರೀತಿರೋದಂತೆ, ಅವರಪ್ಪ ಬಾಯಿ ಬಿಡ್ಬಾರ್ದು ಅಂದಿದಾರೆ. ಅದ್ರಲ್ಲೂ ಆ ಪುಟ್ಟ ತಂಗಿಗೆ. ಅವಳು ವಾಪಸ್ ಬಂದ್ರೆ ಇನ್ನೆಲ್ಲಿ ಜಾರ್ತಾಳೆ ಪಾಪ, ಅಂತ ನಾ ಕೇಳ್ದೆ. ಮೆಲ್ಕ್ ಮುಖ ಸಣ್ಣ ಮಾಡ್ಕೊಂಡ."

ಮೆಲ್ಕ್, ಅಲ್ಲೇ ಅವಳ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟೆ. ನನ್ನ ತಲೆ ನನ್ನದೇ ಎಂದು ಗೊತ್ತಾದ ಸಂತೋಷಕ್ಕೆ ಅತ್ತೆ. ಅವಳು ಏನೂ ಕೇಳದೆ ತಲೆ ನೇವರಿಸಿದಳು. ನಿನ್ನೆ ಮೊನ್ನೆಯದು ನೆನಪಿಲ್ಲದವಳು, ಅವಳೊಬ್ಬಳೇ ನನಗೆ ನಿಜ ಹೇಳಿದ್ದು.

ಬಸ್ಸಿನಲ್ಲಿ ಬರುವಾಗ ಸಿಟ್ಟು ಬಂತು. ಬಿಸಿಲು ಕದ್ದರೆ ನಾನು ಜಗಳವಾಡುತ್ತಿದ್ದೆ, ದೀಪ ಹಚ್ಚಿಕೊಂಡು ಬದುಕುತ್ತಿದ್ದೆ. ನೀನು ನನ್ನ ಬುದ್ಧಿಗೆ ಕೈ ಹಾಕಿದೆ. ಇಲ್ಲದ ಮೆಟ್ಟಿಲಿನಿಂದ ನನ್ನನ್ನು ಬೀಳಿಸಿದೆ. ಅಮ್ಮನನ್ನು ನೋಡಿಕೊಂಡವಳಿಗೆ ನೀನು ಇದನ್ನು ಮಾಡಬಾರದಿತ್ತು. ಚೀಟಿಗಳನ್ನೆಲ್ಲ ಕಿತ್ತು ಒಲೆಗೆ ಹಾಕಿದೆ.

ಈಗ ಕೇಳು. ಮರೆವಿನ ಹೆಂಗಸಿನ ಸಾಕ್ಷಿ ಪಂಚಾಯಿತಿಯಲ್ಲಿ ನಡೆಯುವುದಿಲ್ಲ, ಅದು ನಿನಗೂ ಗೊತ್ತು. ನಡೆಯುವಂತಿದ್ದರೂ ನಾನು ಅವಳನ್ನು ಆ ಐದು ಜನರ ಮುಂದೆ ಕೂರಿಸುವವಳಲ್ಲ. ನನ್ನ ಆಕ್ಷೇಪಣೆ ವಾಪಸು ಪಡೆಯುವ ಕಾಗದ ಇದರ ಜೊತೆಗೇ ಅಂಚೆಗೆ ಹೋಗುತ್ತಿದೆ. ನೀನು ಕಟ್ಟಿಸಿಕೋ. ನಿನ್ನ ಮುಖ ನೋಡಿ ಬಿಡುತ್ತಿಲ್ಲ, ಅವಳು ನೇವರಿಸಿದ ಕೈ ನೋಡಿ ಬಿಡುತ್ತಿದ್ದೇನೆ. ಅವಳು ಬರಲಿ.

ನಿನ್ನಿಂದ ನನಗೆ ಬೇಕಾದದ್ದು ಒಂದೇ. ನನ್ನ ಅಡುಗೆಮನೆಗೆ ಬಂದು, ಕುರ್ಚಿಯಲ್ಲಿ ಕೂತು, ಹೊಂಡ ಇತ್ತು ಎಂದು ಬಾಯಿಬಿಟ್ಟು ಹೇಳು. ಬರೆದು ಕಳಿಸಬೇಡ. ನಿನ್ನ ಬರಹ ನೋಡಿ ಸಾಕಾಗಿದೆ.

ರೆಗುಲಾ


ಶ್ವಾಂಡೆಗ್ ಪಂಚಾಯಿತಿ, ಕಟ್ಟಡ ವಿಭಾಗ
9 ಜನವರಿ 2019

ಎರ್ಲೆಮಾಟ್ ಹಿರಿಯರ ನಿವಾಸದ ಆಡಳಿತಕ್ಕೆ
ಪ್ರತಿ: ಶ್ರೀಮತಿ ರೆಗುಲಾ ಹೆಫ್ಟಿ, ಶ್ರೀ ಮೆಲ್ಕಿಯೋರ್ ಹೆಫ್ಟಿ

ಶ್ರೀಮತಿ ರೆಗುಲಾ ಅವರು ತಮ್ಮ ಆಕ್ಷೇಪಣೆಯನ್ನು ಹಿಂಪಡೆದಿರುವುದನ್ನು 19 ಡಿಸೆಂಬರಿನಂದು ದಾಖಲಿಸಲಾಗಿದೆ.

ಶ್ರೀ ಮೆಲ್ಕಿಯೋರ್ ಅವರು 3 ಜನವರಿಯಂದು ಕಚೇರಿಗೆ ಖುದ್ದಾಗಿ ಬಂದು ತಮ್ಮ ಹಿಂದಿನ ಹೇಳಿಕೆ ಸುಳ್ಳೆಂದು ತಿಳಿಸಿ, ಹೊಂಡದ ಉದ್ದ, ಅಗಲ, ಆಳಗಳನ್ನು ಕೈಬರಹದ ನಕ್ಷೆಯೊಂದಿಗೆ ಸಲ್ಲಿಸಿದ್ದಾರೆ. ನಕ್ಷೆಯಲ್ಲಿ ಸೂಚಿಸಿದ ಎರಡು ಜಾಗಗಳಲ್ಲಿ ನೆಲ ಕೊರೆದು ನೋಡಲಾಗಿ, ಎರಡೂವರೆ ಮೀಟರಿನವರೆಗೆ ರಸ್ತೆಯ ಕಲ್ಲು ಮಣ್ಣು ದೊರೆತಿದೆ.

ಆಕ್ಷೇಪಣೆ ಇಲ್ಲದಿದ್ದರೂ ನಿಯಮ ನಿಯಮವೇ. ಈಗಿನ ರೂಪದಲ್ಲಿ ಅನುಮತಿ ಕೊಡಲಾಗುವುದಿಲ್ಲ. ಹೊಸ ನಕ್ಷೆ ಸಲ್ಲಿಸಿ, ಹೊಸ ಕಂಬ ನೆಟ್ಟು, ಮತ್ತೆ ಪ್ರಕಟಣೆ ಹೊರಡಿಸತಕ್ಕದ್ದು. ನಿಂತಿರುವ ಕಂಬಗಳನ್ನು ತಿಂಗಳೊಳಗೆ ತೆಗೆಯಬೇಕು.

ಕೋರಿನ್ ಏಬ್ಲಿ
ಕಾರ್ಯದರ್ಶಿ


ಎರ್ಲೆಮಾಟ್, 21 ಜನವರಿ 2019

ರೆಗುಲಿ,

ಬರೆಯಬೇಡ ಎಂದಿದ್ದೆ. ಆದರೂ ಬರೆಯುತ್ತಿದ್ದೇನೆ, ಬೇಕಾದರೆ ಒಲೆಗೆ ಹಾಕು.

ಕ್ರಿಸ್‌ಮಸ್ಸಿಗೆ ಮುಂಚೆ ಎರಡು ಸಲ ನಿನ್ನ ಗೇಟಿನವರೆಗೆ ಬಂದೆ. ನೀನು ಪರದೆಯ ಹಿಂದೆ ನಿಂತು ನೋಡಿದ್ದೂ ಗೊತ್ತು. ಗೇಟಿಗೆ ಕೈ ಹಾಕುವ ಧೈರ್ಯ ಬರಲಿಲ್ಲ. ನೀನು ಆಕ್ಷೇಪಣೆ ವಾಪಸು ತೆಗೆದುಕೊಂಡೆ ಎಂದು ತಿಳಿದಾಗ ಮೊದಲು ನನಗೆ ಖುಷಿಯೇ ಆಯಿತು, ನಾಚಿಕೆ ಬಿಟ್ಟು ಹೇಳುತ್ತೇನೆ. ಹದಿನೈದು ದಿನ ಖುಷಿಯಾಗಿದ್ದೆ. ಆದರೆ ದಿನಾ ಬೆಳಿಗ್ಗೆ ಮುಖ ತೊಳೆಯುವಾಗ ನೀನು ಡಾಕ್ಟರ ಮುಂದೆ ಕೂತು ಗಡಿಯಾರ ಬರೆಯುತ್ತಿರುವುದು ಕಣ್ಣಿಗೆ ಬರುತ್ತಿತ್ತು. ನೀನು ಬರೆದ ಕಾಗದ ಓದಿದ ದಿನವೇ ಹೇಳಬಹುದಿತ್ತು. ಬದಲಿಗೆ ಬಿಸ್ಕತ್ತಿನ ಬಗ್ಗೆ ಬರೆದೆ. ನನ್ನ ಜೀವನದಲ್ಲಿ ಅಷ್ಟು ಹೇಡಿ ಕೆಲಸ ಇನ್ನೊಂದು ಮಾಡಿಲ್ಲ.

ಕೋರಿನ್ ಏಬ್ಲಿಯ ಮುಂದೆ ಬಾಯಿಬಿಟ್ಟು ಹೇಳಿದೆ. ಬರೆದುಕೊಡಿ ಎಂದಳು. ಮೊದಲು ಕೇಳು, ಆಮೇಲೆ ಬರೆಯುತ್ತೇನೆ ಎಂದೆ. ಎಲ್ಲ ಕೇಳಿ ಮುಗಿಸಿ, "ಇದ್ರಿಂದ ಏನಾಗತ್ತೆ ಅಂತ ಗೊತ್ತಾ ನಿಮ್ಗೆ?" ಎಂದಳು. ಗೊತ್ತು ಎಂದೆ. ಯೋಸ್ಟನ ತಪ್ಪೇನೂ ಇಲ್ಲ. ಸೆಪ್ಟೆಂಬರಿನಲ್ಲಿ ಬಾಟಲಿ ಹಿಡಿದು ಬಂದವನು ಅದನ್ನೇ ಕೇಳಲು ಬಂದಿದ್ದ, "ಹೊಂಡ ಇತ್ತಾ ಯಜಮಾನ್ರೇ?" ಎಂದು. ಅವನಿಗೂ ಸುಳ್ಳು ಹೇಳಿದೆ. ಮೇಲ್ವಿಚಾರಕಿ ಈಗ ನನ್ನ ಜೊತೆ ಮಾತಾಡುವುದಿಲ್ಲ. ಊಟದ ಮೇಜಿನಲ್ಲಿ ನನ್ನ ಪಕ್ಕದ ಎರಡು ಕುರ್ಚಿ ಖಾಲಿ. ಪಟ್ಟಿಯಲ್ಲಿ ಲೀನಾಳಲ್ಲದೆ ಇನ್ನೂ ಹದಿಮೂರು ಜನರಿದ್ದರು, ಅವರ ಗಂಡಂದಿರು, ಹೆಂಡಂದಿರು, ಮಕ್ಕಳು. ಅವರು ಸಿಟ್ಟಾಗುವುದು ನ್ಯಾಯವೇ.

ನಿನ್ನೆ ಲೀನಾಳ ಹತ್ತಿರ ಹೋಗಿದ್ದೆ. ನಾನು ಹೆದರಿಕೊಂಡಿದ್ದ ದಿನ ಬಂದೇಬಿಟ್ಟಿತು, ರೆಗುಲಿ. ಬಾಗಿಲಲ್ಲಿ ನಿಂತೆ. ಅವಳು ನೋಡಿದಳು, ಮರ್ಯಾದೆಯಿಂದ ನಕ್ಕಳು. "ಬಸ್ಸಿನ ಡ್ರೈವರಾ ನೀವು?" ಎಂದಳು. ಕಾದೆ. ತಮಾಷೆ ಮಾಡಿದೆ ಎನ್ನುತ್ತಾಳೆಂದು ಅರ್ಧ ಗಂಟೆ ಕಾದೆ. ಅನ್ನಲಿಲ್ಲ.

ಆಮೇಲೆ ಅವಳೇ ಮಾತು ತೆಗೆದಳು. "ಎರ್ಲೆಮಾಟ್ ಕಡೆ ಹೋಗತ್ತಾ ನಿಮ್ಮ ಬಸ್ಸು?"

"ಹೋಗತ್ತೆ."

"ಅಲ್ಲಿ ಮೆಲ್ಕ್ ಅಂತ ಒಬ್ಬ ಇದಾನಲ್ಲ, ಬಡಗಿ, ಗೊತ್ತಾ ನಿಮ್ಗೆ?"

"ಗೊತ್ತು."

ಅವಳು ಸುತ್ತ ನೋಡಿ ಕುರ್ಚಿ ನನ್ನ ಹತ್ತಿರಕ್ಕೆ ಎಳೆದುಕೊಂಡಳು. "ನನ್ನ ಮದ್ವೆ ಆಗ್ತೀಯಾ ಅಂತ ಕೇಳಿದಾನೆ. ನಾ ಇನ್ನೂ ಏನೂ ಹೇಳಿಲ್ಲ. ಹೇಗೆ ಅವ್ನು? ನಂಬಬೋದಾ?"

ಹೂಂ ಎನ್ನಬಹುದಿತ್ತು. ಅವಳಿಗೆ ಸಂತೋಷವಾಗುತ್ತಿತ್ತು, ಯಾರಿಗೂ ನಷ್ಟವಿರಲಿಲ್ಲ. ಆದರೆ ಈ ಮೂರು ತಿಂಗಳು ಸುಳ್ಳು ಹೇಳಿದವನ ಹೂಂಗೆ ಏನು ಬೆಲೆ?

"ಅದನ್ನ ಅವನ ತಂಗೀನ ಕೇಳ್ಬೇಕು" ಎಂದೆ.

"ಹಾಗಾದ್ರೆ ಕರ್ಕೊಂಡ್ ಬನ್ನಿ ಅವಳನ್ನ" ಎಂದಳು ಲೀನಾ. "ಅವಳು ಏನಂತಾಳೋ ಕೇಳಿ ಆಮೇಲೆ ಅವನಿಗೆ ಹೇಳ್ತೀನಿ."

ಭಾನುವಾರ ಒಂಬತ್ತು ಹತ್ತಕ್ಕೆ ಬಸ್ಸು. ಎಂಟೂವರೆಗೆ ನಿನ್ನ ಅಡುಗೆಮನೆಗೆ ಬಂದು, ಕುರ್ಚಿಯಲ್ಲಿ ಕೂತು, ಹೇಳಬೇಕಾದದ್ದನ್ನು ನಿನ್ನ ಮುಖ ನೋಡಿಕೊಂಡು ಹೇಳುತ್ತೇನೆ. ಅದಾದ ಮೇಲೆ ನನ್ನ ಜೊತೆ ಬರುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಬಂದರೆ, ಅವಳು ಕೇಳಿದ್ದಕ್ಕೆ ನಿನಗೆ ನಿಜವೆನಿಸಿದ್ದನ್ನೇ ಹೇಳು. ನಾನು ಹೊರಗೆ ಬಾಗಿಲ ಹತ್ತಿರ ನಿಂತಿರುತ್ತೇನೆ.

ಮೆಲ್ಕ್